ಯಂತ್ರವು ರಚಿಸುವ ಕಿರುಚಿತ್ರಗಳೂ ಬೇಸಾಯದ ತಿಳಿವಳಿಕೆಯೂ

ಹೇಳಿದ ಮಾತಿಗೆ ತಕ್ಕಂತೆ ಚಲಿಸುವ ಚಿತ್ರವನ್ನು ತಾನಾಗಿಯೇ ರಚಿಸಿಕೊಡುವ ಯಂತ್ರಗಳು ಈಚೆಗೆ ಬಳಕೆಗೆ ಬಂದಿರುವ ಸಂಗತಿಯು ವಾಚಕರಲ್ಲಿ ಅನೇಕರಿಗೆ ವಿದಿತವಾಗಿಯೇ ಇರಬಹುದು. ಸಿಂಹವು ಹಸುವಿನೊಡನೆ ಮಾತನಾಡುವುದನ್ನೂ, ಕೆಂಪೇಗೌಡರು ಮೆಟ್ರೋ ರೈಲಿನಲ್ಲಿ ಕುಳಿತು ಹೋಗುವುದನ್ನೂ ಹುಡುಗರ ಮೊಬೈಲ್ ಫೋನುಗಳಲ್ಲಿ ಕಂಡು ನಗದವರು ಯಾರು? ಅದು ವಿನೋದ, ಅದರ ವಿಚಾರದಲ್ಲಿ ಈ ಪತ್ರಿಕೆಗೆ ಹೇಳತಕ್ಕುದೇನೂ ಇಲ್ಲ. ಆದರೆ ಬಿತ್ತನೆ, ಗೊಬ್ಬರ, ಔಷಧಿ ಸಿಂಪಡಣೆ ಮೊದಲಾದ ಬೇಸಾಯದ ವಿಷಯಗಳನ್ನು ಹಳ್ಳಿಗಳಲ್ಲಿ ಪ್ರಚಾರಪಡಿಸುವುದಕ್ಕೆ ಇದೇ ಯಂತ್ರಗಳನ್ನು ಉಪಯೋಗಿಸಬಹುದೆಂದೂ, ಇದರಿಂದ ಹಣವೂ ಕಾಲವೂ ಬಹಳವಾಗಿ ಉಳಿಯುವುವೆಂದೂ ವಾದಿಸುವವರು ಈಗ ಹೊರಟಿದ್ದಾರೆ. ಕೆಲವು ವ್ಯಾಪಾರದ ಅಂಗಡಿಗಳವರು ಈ ಕೆಲಸಕ್ಕೆ ಆಗಲೇ ಕೈಹಾಕಿಯೂ ಇದ್ದಾರೆ. ಈ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು, ಪೂರ್ತಿಯಾಗಿ ತಳ್ಳಲೂ ಆಗದು ಎಂಬುದು ಈ ಲೇಖಕನ ಅಭಿಪ್ರಾಯ. ಗ್ರಾಮದ ಮುಖಂಡರೂ ಜಮೀನುಳ್ಳ ಮಹನೀಯರೂ ಇದನ್ನು ಸಾವಧಾನವಾಗಿ ಪರಿಶೀಲಿಸಬೇಕೆಂದು ಅರಿಕೆ.

ಮೊದಲು ಈ ಯಂತ್ರದ ಕೆಲಸದ ಬಗೆಯನ್ನು ತಿಳಿದುಕೊಳ್ಳುವುದು ಯುಕ್ತ. ಕ್ಯಾಮರಾ ಎಂಬುದು ಎದುರಿಗೆ ಇರುವುದನ್ನು ಹಿಡಿಯುತ್ತದೆ. ಈ ಯಂತ್ರಕ್ಕಾದರೋ ಎದುರಿಗೆ ಏನೂ ಇರಬೇಕಾದುದಿಲ್ಲ. ಲೋಕದಲ್ಲಿ ಈವರೆಗೆ ತೆಗೆದಿರುವ ಅಸಂಖ್ಯಾತವಾದ ಚಿತ್ರಗಳನ್ನೂ ವಿಡಿಯೊಗಳನ್ನೂ ಅವುಗಳ ವಿವರಣೆಯೊಡನೆ ಅದಕ್ಕೆ ಉಣಿಸಿ, ಯಾವ ಮಾತಿಗೆ ಯಾವ ರೂಪವು ಜೊತೆಯಾಗಿ ಬರುತ್ತದೆಂಬುದನ್ನು ಕಲಿಸಿರುತ್ತಾರೆ. ನಾವು ಒಂದು ವಾಕ್ಯವನ್ನು ಬರೆದುಕೊಟ್ಟರೆ, ಅದು ಮರಳು ಚೆಲ್ಲಿದಂತೆ ಅಸ್ತವ್ಯಸ್ತವಾದ ಚುಕ್ಕೆಗಳಿಂದ ಆರಂಭಿಸಿ, ಹಂತಹಂತವಾಗಿ ಆ ಗೊಂದಲವನ್ನು ಕಳೆಯುತ್ತ, ನಮ್ಮ ವಾಕ್ಯಕ್ಕೆ ಹೊಂದುವ ಚಿತ್ರವು ಮೂಡುವಂತೆ ಮಾಡುತ್ತದೆ. ಅಮೆರಿಕದ ಓಪನ್ ಎಐ ಸಂಸ್ಥೆಯವರು ೨೦೨೪ನೆಯ ಫೆಬ್ರವರಿಯಲ್ಲಿ ಸೋರಾ ಎಂಬ ಯಂತ್ರವನ್ನು ಪ್ರಕಟಿಸಿದಾಗ ಜನರು ಬೆರಗಾದರು. ೨೦೨೫ನೆಯ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆಯವರ ವಿಯೊ ೩ ಎಂಬುದು ಸುಮಾರು ಎಂಟು ಸೆಕೆಂಡುಗಳ ಚಿತ್ರವನ್ನು ಮಾತು ಮತ್ತು ಶಬ್ದಗಳ ಸಮೇತ ಕೊಡತೊಡಗಿತು. ಅಂತಹ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ನಿಮಿಷಗಟ್ಟಲೆ ಓಡುವ ಚಿತ್ರವನ್ನು ಸಿದ್ಧಪಡಿಸುವುದು ಈಗ ಕಷ್ಟವಲ್ಲ. ನಮ್ಮ ನಾಡಿನಲ್ಲಿಯೇ ೨೦೨೫ರಲ್ಲಿ ‘ಲವ್ ಯು’ ಎಂಬ ಕನ್ನಡ ಚಿತ್ರವನ್ನು ನಟರಾಗಲಿ ಕ್ಯಾಮರಾ ಆಗಲಿ ಇಲ್ಲದೆ ಈ ವಿಧವಾಗಿಯೇ ರಚಿಸಿದರು. ಅದರ ನಿರ್ದೇಶಕರು ಬೆಂಗಳೂರಿನ ಬಾಗಲಗುಂಟೆಯ ದೇವಸ್ಥಾನದ ಅರ್ಚಕರು. ವೆಚ್ಚವು ಸುಮಾರು ಹತ್ತು ಲಕ್ಷ ರೂಪಾಯಿ ಎಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕಥೆ ಹೇಳುವುದಕ್ಕೆ ಇದು ಒಂದು ಹೊಸ ಉಪಕರಣ. ಕಥೆಯಲ್ಲಿ ಬರುವ ಮರವು ಯಾವ ಜಾತಿಯದೆಂದು ಯಾರೂ ಕೇಳುವುದಿಲ್ಲ.

ಬೇಸಾಯದಲ್ಲಾದರೆ ಕೇಳುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ.

ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿನ ಮಂದಿರಕ್ಕೆ ಬಹಳ ದೂರವಲ್ಲದ ಒಂದು ಬೀದಿಯಲ್ಲಿ, ಹಿಂದೆ ಮದುವೆಗಳ ಫೋಟೋ ತೆಗೆಯುತ್ತಿದ್ದ ಯುವಕನೊಬ್ಬನು ಈಗ ಅಂಗಡಿಗಳವರಿಗೆ ಇಂತಹ ಕಿರುಚಿತ್ರಗಳನ್ನು ಮಾಡಿಕೊಡುತ್ತಾನೆ. ಆತನ ಬಳಿ ಕುಳಿತು ನಾವು ಕೆಲವು ಪರೀಕ್ಷೆಗಳನ್ನು ಮಾಡಿದೆವು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಚಿತ್ರವನ್ನು ಕೇಳಿದೆವು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬೀದಿಯಲ್ಲಿ ರಾಶಿ ಹಾಕಿಕೊಂಡು ಕುಳಿತ ಮಾರಾಟಗಾರರು, ದೀಪಗಳು, ಜನಸಂದಣಿ, ಎಲ್ಲವೂ ಬಂದುವು. ನೋಡುವುದಕ್ಕೆ ಮನೋಹರವಾಗಿಯೇ ಇತ್ತು. ಹಿಂದಿನ ಫಲಕಗಳ ಮೇಲಿದ್ದ ಕನ್ನಡ ಅಕ್ಷರಗಳು ಮಾತ್ರ ಯಾವ ಭಾಷೆಯವೂ ಆಗಿರಲಿಲ್ಲ. ದೂರದಿಂದ ಕನ್ನಡ, ಹತ್ತಿರದಿಂದ ಜಿಲೇಬಿ. ಅನಂತರ ಕಡಲೆಕಾಯಿಯ ಹೊಲವನ್ನು ಕೇಳಿದೆವು. ಗಿಡಗಳು ಬಂದುವು, ಗಿಡದ ಕೊಂಬೆಗಳಲ್ಲಿ ಕಾಯಿಗಳು ಅವರೆಕಾಯಿಯಂತೆ ಗೊಂಚಲುಗೊಂಚಲಾಗಿ ತೂಗಾಡುತ್ತಿದ್ದುವು! ಹೆಣ್ಣುಮಗಳೊಬ್ಬಳು ನಗುತ್ತ ಅವುಗಳನ್ನು ಬುಟ್ಟಿಗೆ ಬಿಡಿಸಿಕೊಳ್ಳುತ್ತಿದ್ದಳು. ರಾಗಿಯ ಹೊಲವೆಂದು ಕೇಳಿದುದಕ್ಕೆ ಬಂದ ತೆನೆಯು ಗೋಧಿಯ ತೆನೆಯಂತೆ ಉದ್ದವಾಗಿ ಮುಳ್ಳುಳ್ಳದ್ದಾಗಿತ್ತು. ಬೆರಳುಗಳಂತೆ ಮಡಿಚಿಕೊಂಡಿರುವ ನಮ್ಮ ರಾಗಿಯ ತೆನೆಯನ್ನು ಮೂರು ಸಲ ತಿದ್ದಿ ಹೇಳಿದ ಮೇಲೂ ಅದು ಸರಿಯಾಗಿ ಕೊಡಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಲೋಕದಲ್ಲಿ ಗೋಧಿಯ ಚಿತ್ರಗಳು ಹೇರಳವಾಗಿವೆ. ರಾಗಿಯ ಚಿತ್ರಗಳು ವಿರಳ. ಯಂತ್ರವು ಉಂಡದ್ದನ್ನೇ ಬಡಿಸುತ್ತದೆ. ಹೊಸ ಹೊಸ ಆವೃತ್ತಿಗಳು ಬರುತ್ತಿರುವುದರಿಂದ ಈ ತಪ್ಪುಗಳು ಒಂದು ವರ್ಷದಲ್ಲಿಯೋ ಎರಡು ವರ್ಷಗಳಲ್ಲಿಯೋ ಕಡಿಮೆಯಾಗಬಹುದು. ಆದರೆ ನೋಡುವವರಿಗೆ ತಪ್ಪು ಕಾಣುವಷ್ಟು ದಿನ ಅಪಾಯವು ಅಲ್ಪವೆಂದೇ ಹೇಳಬೇಕು. ಕೊಂಬೆಯಲ್ಲಿ ಕಡಲೆಕಾಯಿ ತೂಗಿದರೆ ಪಾವಗಡದ ರೈತನ ಮಗನು ನಕ್ಕು ಬಿಡುತ್ತಾನೆ. ಚಿತ್ರವು ಮುಕ್ಕಾಲು ಪಾಲು ಸರಿಯಾಗಿ ಕಾಲುಪಾಲು ತಪ್ಪಾಗಿದ್ದಾಗ ಮೋಸ ಹೋಗುವವರು ಬಹಳ.

ಉದಾಹರಣೆಗೆ ಅಡಿಕೆಯ ಕೊಳೆರೋಗದ ವಿಷಯವನ್ನು ತೆಗೆದುಕೊಳ್ಳೋಣ. ಮಲೆನಾಡಿನ ತೋಟಗಾರರು ಪೂರ್ವದಲ್ಲಿ ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಈ ರೋಗವನ್ನು ತಡೆಯುವುದಕ್ಕೆ ಪಾಡುಪಡುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮುಂದೆ ವ್ಯವಸಾಯದ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಲೆಸ್ಲಿ ಕೋಲ್‌ಮನ್‌ರವರು ರೋಗದ ಮೂಲವಾದ ಶಿಲೀಂಧ್ರವನ್ನು ಪರಿಶೋಧಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಪ್ರಚಾರಕ್ಕೆ ತಂದ ಚರಿತ್ರೆಯನ್ನು ಹಿರಿಯರು ಬಲ್ಲರು. ಈಗಲೂ ನಾವು ಹೇಳುವ ಪ್ರಮಾಣವು ಇಷ್ಟೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹೇಳುವುದಕ್ಕೆ ಸುಲಭ. ಆದರೆ ಎರಡನ್ನೂ ಬೇರೆ ಬೇರೆಯಾಗಿ ಕದಡಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಕೂಡದು. ಪಾತ್ರೆಯು ಮರದ್ದೋ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು. ಕಬ್ಬಿಣದ್ದಾಗಲಿ ತಗಡಿನದಾಗಲಿ ಕೂಡದು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣವು ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ಇಲ್ಲದಿದ್ದರೆ ಕಾಯಿಯೂ ಎಲೆಯೂ ಸುಟ್ಟಂತಾಗುತ್ತವೆ. ಈಗ, ‘ರೈತನು ಬೋರ್ಡೋ ದ್ರಾವಣವನ್ನು ಮಾಡುತ್ತಿದ್ದಾನೆ’ ಎಂಬ ವಾಕ್ಯವನ್ನು ಯಂತ್ರಕ್ಕೆ ಕೊಟ್ಟು ನೋಡಿರಿ. ಅದು ನೀಲಿಯ ನೀರನ್ನು ಹೊಳೆಯುವ ತಗಡಿನ ಬಕೀಟಿನಲ್ಲಿ ಸುಂದರವಾಗಿ ಕಲಸಿ ತೋರಿಸಬಹುದು. ಬಣ್ಣ ಸರಿ, ತೋಟ ಸರಿ, ರೈತನ ಮುಖದ ಗಾಂಭೀರ್ಯವೂ ಸರಿ. ಬಕೀಟು ತಪ್ಪು. ಆ ತಪ್ಪನ್ನು ಗುರುತಿಸಬಲ್ಲವನಿಗೆ ಆ ಚಿತ್ರದ ಆವಶ್ಯಕತೆಯೇ ಇಲ್ಲ, ಆವಶ್ಯಕತೆಯುಳ್ಳವನು ಗುರುತಿಸಲಾರನು.

ಇದಕ್ಕೆ ಪ್ರತಿವಾದಿಗಳು, ‘ಬಲ್ಲವರು ಪರೀಕ್ಷಿಸಿ ತಿದ್ದಿದ ಮೇಲೆ ಹೊರಗೆ ಬಿಟ್ಟರಾಯಿತು’ ಎನ್ನುತ್ತಾರೆ. ಒಪ್ಪತಕ್ಕ ಮಾತು. ಆದರೆ ತಪ್ಪಿಲ್ಲದ ಚಿತ್ರವಾದರೂ ರೈತನ ಮನಸ್ಸನ್ನು ಒಲಿಸುವುದೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರವು ನಮ್ಮ ಬೆಂಗಳೂರಿನಲ್ಲಿಯೇ, ಮಲ್ಲೇಶ್ವರಕ್ಕೆ ಮಗ್ಗುಲಲ್ಲಿರುವ ಸದಾಶಿವನಗರದಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ ದೊರೆತಿತ್ತು. ಅಲ್ಲಿ ೨೦೦೫ರಲ್ಲಿ ಸ್ಥಾಪಿತವಾದ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರಿಕಿನ್ ಗಾಂಧಿ ಎಂಬುವರು ಮರುವರ್ಷ ‘ಡಿಜಿಟಲ್ ಗ್ರೀನ್’ ಎಂಬ ಒಂದು ಪ್ರಯೋಗವನ್ನು ಕೈಗೊಂಡರು. ಬೆಂಗಳೂರಿನ ಗ್ರೀನ್ ಫೌಂಡೇಷನ್ ಸಂಸ್ಥೆಯು ಅವರಿಗೆ ಸಹಾಯವಾಗಿ ನಿಂತಿತು. ಪಂಡಿತರು ಉಪನ್ಯಾಸ ಮಾಡುವ ಚಿತ್ರಗಳಿಗೆ ಬದಲಾಗಿ, ಆಯಾ ಸೀಮೆಯ ರೈತರೇ ತಮ್ಮ ಹೊಲದಲ್ಲಿ ನಿಂತು ತಾವು ಮಾಡಿದುದನ್ನು ತಮ್ಮ ಮಾತಿನಲ್ಲಿ ಹೇಳುವ ಕಿರುಚಿತ್ರಗಳನ್ನು ಅವರು ತೆಗೆದರು. ಸಂಜೆಯ ಹೊತ್ತು ಊರಿನಲ್ಲಿ ಟೆಲಿವಿಷನ್ ಪೆಟ್ಟಿಗೆಯನ್ನಿಟ್ಟು ಜನರನ್ನು ಕೂರಿಸಿ, ಊರಿನವನೇ ಆದ ಒಬ್ಬನು ಚಿತ್ರವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತ ವಿವರಿಸುತ್ತ ತೋರಿಸುವ ಏರ್ಪಾಡಾಯಿತು. ಹದಿನಾರು ಹಳ್ಳಿಗಳನ್ನು ಆರಿಸಿಕೊಂಡು, ಎಂಟರಲ್ಲಿ ಈ ಕ್ರಮವನ್ನೂ ಉಳಿದ ಎಂಟರಲ್ಲಿ ಹಳೆಯ ಕ್ರಮವನ್ನೂ ನಡೆಸಿ ಹೋಲಿಸಿ ನೋಡಿದರು. ಚಿತ್ರ ತೋರಿಸಿದ ಹಳ್ಳಿಗಳಲ್ಲಿ ಕೆಲವು ಬೇಸಾಯ ಕ್ರಮಗಳನ್ನು ಕೈಗೊಂಡವರ ಪ್ರಮಾಣವು ಏಳರಷ್ಟಾಯಿತೆಂದೂ, ಖರ್ಚಿನ ದೃಷ್ಟಿಯಿಂದ ಈ ಕ್ರಮವು ಹತ್ತರಷ್ಟು ಫಲಕಾರಿಯಾಯಿತೆಂದೂ ಅವರು ೨೦೦೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೇಳಿದ್ದಾರೆ.

ಇಷ್ಟು ವ್ಯತ್ಯಾಸಕ್ಕೆ ಕಾರಣವೇನು? ಚಿತ್ರದ ಅಂದವಲ್ಲ, ಅವು ಸಾಧಾರಣವಾದ ಕ್ಯಾಮರಾದಲ್ಲಿ ತೆಗೆದ ಸಾಧಾರಣ ಚಿತ್ರಗಳು. ನೋಡುವವರು ಮೊದಲು ಕೇಳುತ್ತಿದ್ದ ಪ್ರಶ್ನೆಯೇ, ‘ಈತನ ಹೆಸರೇನು? ಯಾವ ಊರಿನವನು?’ ಎಂಬುದು. ತನ್ನಂತಹ ಜಮೀನು, ತನ್ನಂತಹ ಎತ್ತು, ತನ್ನಂತಹ ಸಾಲ ಉಳ್ಳ ಇನ್ನೊಬ್ಬನು ಮಾಡಿ ತೋರಿಸಿದಾಗ ಹುಟ್ಟುವ ಧೈರ್ಯವು ಇಲಾಖೆಯ ಅಧಿಕಾರಿಯ ಮಾತಿನಿಂದ ಹುಟ್ಟುವುದಿಲ್ಲ. ಅಧಿಕಾರಿಯ ಸಂಬಳವು ಮಳೆಯನ್ನು ನಂಬಿರುವುದಲ್ಲವಷ್ಟೆ. ಜೊತೆಗೆ, ಸಂದೇಹವಿದ್ದರೆ ಆ ಊರಿಗೆ ಹೋಗಿ ಆ ಹೊಲವನ್ನು ಕಣ್ಣಾರೆ ನೋಡಿ ಬರಬಹುದು. ಯಂತ್ರವು ರಚಿಸಿದ ರೈತನಿಗೆ ಊರಿಲ್ಲ, ಹೊಲವಿಲ್ಲ, ಪಹಣಿಯಿಲ್ಲ. ಅವನ ಬೆಳೆಗೆ ಹುಳು ಬಿದ್ದರೂ ಅವನಿಗೆ ನಷ್ಟವಿಲ್ಲ. ‘ನಾನು ಈ ಗೊಬ್ಬರ ಹಾಕಿ ಎಕರೆಗೆ ಇಷ್ಟು ಬೆಳೆದೆ’ ಎಂದು ಅವನು ಹೇಳಿದರೆ, ಅದು ಸುಳ್ಳು ಸಾಕ್ಷಿಯಲ್ಲದೆ ಮತ್ತೇನು? ಹೇಳಿದ ಪ್ರಮಾಣವು ಶಾಸ್ತ್ರಕ್ಕೆ ಸರಿಯಾಗಿದ್ದರೂ ಸಾಕ್ಷಿಯು ಸುಳ್ಳೇ. ಒಂದು ಸಲ ಈ ಗುಟ್ಟು ರೈತರಿಗೆ ತಿಳಿದರೆ, ಮುಂದೆ ನಿಜವಾದ ರೈತನ ಚಿತ್ರವನ್ನು ತೋರಿಸಿದರೂ ‘ಇದೂ ಯಂತ್ರದ್ದೇ’ ಎಂದು ಎದ್ದು ಹೋಗುತ್ತಾರೆ. ಹಣ ಉಳಿಸಲು ಹೋಗಿ ಇಲಾಖೆಯು ಬಹುಕಾಲದಿಂದ ಕೂಡಿಸಿಕೊಂಡ ನಂಬಿಕೆಯನ್ನು ವೆಚ್ಚಮಾಡುವುದು ಜಾಣತನವಲ್ಲ.

ಅದೇ ಡಿಜಿಟಲ್ ಗ್ರೀನ್ ಸಂಸ್ಥೆಯವರು ಈಚೆಗೆ ರೈತರ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕೆ ಕೃತಕ ಬುದ್ಧಿಯ ಉಪಕರಣವೊಂದನ್ನು ಬಳಕೆಗೆ ತಂದಿರುವುದನ್ನೂ ಇಲ್ಲಿ ಹೇಳುವುದು ನ್ಯಾಯ. ಕೃತಕ ಬುದ್ಧಿಯೆಲ್ಲವೂ ಕೇಡೆಂಬುದು ನಮ್ಮ ವಾದವಲ್ಲ. ಪ್ರಶ್ನೆಗೆ ಉತ್ತರ ಕೊಡುವುದು ಬೇರೆ. ಇಲ್ಲದ ಮನುಷ್ಯನನ್ನು ಇರುವನೆಂದು ನಿಲ್ಲಿಸುವುದು ಬೇರೆ.

ಕ್ಯಾಮರಾ ಹೊಗಲಾರದ ಸ್ಥಳಗಳು ಬೇಸಾಯದಲ್ಲಿ ಎಷ್ಟೋ ಇವೆ. ಅಲ್ಲಿ ಈ ಯಂತ್ರವು ನಿಜವಾಗಿಯೂ ಉಪಕಾರಿ. ಕಡಲೆಕಾಯಿಯ ಹೂವು ಉದುರಿದ ಮೇಲೆ ಅದರ ಬುಡದಿಂದ ಸೂಜಿಯಂತಹ ಕುಡಿಯೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು ಅಲ್ಲಿ ಕಾಯಾಗುವುದನ್ನು ಯಾವ ಕ್ಯಾಮರಾವೂ ಸುಲಭವಾಗಿ ತೋರಿಸಲಾರದು. ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರೆ, ಕುಡಿ ಇಳಿಯುವ ಕಾಲದಲ್ಲಿ ಕುಂಟೆ ಹೊಡೆಯಕೂಡದೆಂದು ಹೇಳುವುದೇಕೆ, ಜಿಪ್ಸಂ ಹಾಕಿ ಮಣ್ಣನ್ನು ಸಡಿಲವಾಗಿಡಬೇಕೆನ್ನುವುದೇಕೆ ಎಂಬುದು ಅರ್ಧ ನಿಮಿಷದಲ್ಲಿ ಹುಡುಗನಿಗೂ ತಿಳಿಯುತ್ತದೆ. ಭತ್ತದ ಕಾಂಡವನ್ನು ಕೊರೆಯುವ ಹುಳುವಿನ ಒಳಗಿನ ಚರ್ಯೆ, ಹನಿ ನೀರಾವರಿಯಲ್ಲಿ ನೀರು ಬೇರಿನ ಸುತ್ತ ಹರಡುವ ಬಗೆ, ಇಂಗುಗುಂಡಿಯಿಂದ ಮಳೆನೀರು ಕೆಳಕ್ಕೆ ಇಳಿಯುವ ಬಗೆ ಇವೂ ಇದೇ ಜಾತಿಯವು. ಇವು ಹಿಂದೆ ನಮ್ಮ ಇಲಾಖೆಗಳು ಗೋಡೆಗೆ ತೂಗುಹಾಕುತ್ತಿದ್ದ ಬಣ್ಣದ ಪಟಗಳ ಸ್ಥಾನದಲ್ಲಿ ನಿಲ್ಲತಕ್ಕವು. ಪಟವನ್ನು ನೋಡಿ ಯಾರೂ ನಿಜವಾದ ಹೊಲವೆಂದು ಭ್ರಮಿಸುತ್ತಿರಲಿಲ್ಲ. ಹಾಗೆಯೇ ಇವುಗಳ ಮೇಲೂ ‘ಇದು ಯಂತ್ರದಿಂದ ರಚಿತವಾದ ಚಿತ್ರ’ ಎಂದು ಮೊದಲಿನಿಂದ ಕೊನೆಯವರೆಗೂ ದಪ್ಪಕ್ಷರಗಳಲ್ಲಿ ಕಾಣಬೇಕು. ಅಕ್ಷರಗಳನ್ನು ಮಾತ್ರ ಯಂತ್ರದ ಕೈಗೆ ಬಿಡದೆ ಬೇರೆಯಾಗಿ ಸೇರಿಸುವುದು ಒಳ್ಳೆಯದು, ಜಿಲೇಬಿಯನ್ನು ಮರೆಯಬಾರದು. ಮಾತನ್ನೂ ಆಯಾ ಸೀಮೆಯವರಿಂದಲೇ ಆಡಿಸಬೇಕು. ಯಂತ್ರವು ಆಡುವ ಕನ್ನಡವು ಧಾರವಾಡದ್ದೂ ಅಲ್ಲ, ಮಂಡ್ಯದ್ದೂ ಅಲ್ಲ. ಮಂಗಳೂರಿನ ಕಡೆಯವರಿಗೂ ಅದು ಪರಕೀಯವೇ.

ಇನ್ನು ಮುಖಂಡರಿಗೆ ನೇರವಾಗಿ ಸಂಬಂಧಿಸಿದ ವಿಷಯ. ಪಟೇಲರು ಶಾನುಭೋಗರು ಎಂಬ ವಂಶಪಾರಂಪರ್ಯದ ಹುದ್ದೆಗಳು ೧೯೬೧ರ ಕಾಯಿದೆಯಿಂದ ರದ್ದಾಗಿ ಬಹಳ ಕಾಲವಾಯಿತು. ಆದರೂ ಊರಿನಲ್ಲಿ ಹಿರಿಯರೆನಿಸಿದವರ, ಪಂಚಾಯತಿಯ ಅಧ್ಯಕ್ಷರ, ಹೆಚ್ಚು ಜಮೀನುಳ್ಳವರ ಮಾತಿಗೆ ಬೆಲೆ ಇದ್ದೇ ಇದೆ. ಹಿಂದೆ ಪಟೇಲರ ಅಪ್ಪಣೆಯಿಲ್ಲದೆ ಊರಿನಲ್ಲಿ ತಮಟೆ ಹೊಡೆದು ಸಾರುವಂತಿರಲಿಲ್ಲ. ಸಾರಿದ ಮಾತಿಗೆ ಅವರೇ ಜವಾಬುದಾರರು. ಈಗ ಊರಿನ ವಾಟ್ಸಾಪ್ ಗುಂಪೇ ತಮಟೆ. ಮುಖಂಡರು ಒಂದು ವಿಡಿಯೊವನ್ನು ಅದರಲ್ಲಿ ಹಾಕಿದರೆ, ನೂರು ಮನೆಯವರು ಅದನ್ನು ಯಂತ್ರವು ಹೇಳಿತೆಂದಲ್ಲ, ‘ಗೌಡರು ಕಳುಹಿಸಿದರು’ ಎಂದೇ ನಂಬುತ್ತಾರೆ. ಈ ನಂಬಿಕೆಯನ್ನೇ ಕಳ್ಳರು ಹುಡುಕುತ್ತಿರುವುದು. ಇನ್ಫೋಸಿಸ್‌ನ ಸ್ಥಾಪಕರಲ್ಲಿ ಒಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರ ಮುಖವನ್ನೂ ಕಂಠವನ್ನೂ ಅನುಕರಿಸಿ, ಅವರು ಯಾವುದೋ ಟ್ರೇಡಿಂಗ್ ಆಪ್‌ಗಳನ್ನು ಹೊಗಳುವಂತೆ ಚಿತ್ರಗಳನ್ನು ಹುಟ್ಟಿಸಿ ಹರಡಿದುದರಿಂದ, ಅವರು ೨೦೨೩ನೆಯ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಡಬೇಕಾಯಿತು. ಅಂತಹ ಪ್ರಸಿದ್ಧರಿಗೇ ಈ ಗತಿಯಾದರೆ, ಇಲಾಖೆಯ ಅಧಿಕಾರಿಯೊಬ್ಬರ ಮುಖವನ್ನು ಅಂಟಿಸಿ ‘ಈ ಬೀಜಕ್ಕೆ ಸರ್ಕಾರದ ಸಹಾಯಧನವುಂಟು, ಈ ಲಿಂಕನ್ನು ಒತ್ತಿರಿ’ ಎಂದು ಹೇಳಿಸುವುದು ಎಷ್ಟರ ಕೆಲಸ? ಪಿಎಂ ಕಿಸಾನ್ ಹೆಸರಿನಲ್ಲಿ ಕಳ್ಳ ಆಪ್‌ಗಳು ಫೋನಿನಿಂದ ಫೋನಿಗೆ ಹರಿದಾಡಿ ಬ್ಯಾಂಕಿನ ಹಣವನ್ನು ಎಗರಿಸಿದ ಸುದ್ದಿಗಳು ಆಗಲೇ ಬಂದಿವೆ. ಅದಕ್ಕೆ ಮಾತನಾಡುವ ಮುಖವೊಂದು ಸೇರುವುದು ಮಾತ್ರ ಬಾಕಿ.

ಕೇಂದ್ರ ಸರ್ಕಾರದವರು ೨೦೨೬ನೆಯ ಫೆಬ್ರವರಿಯಲ್ಲಿ ಮಾಹಿತಿ ತಂತ್ರಜ್ಞಾನದ ನಿಯಮಗಳನ್ನು ತಿದ್ದಿ, ಇಂತಹ ಕೃತಕ ಚಿತ್ರಗಳ ಮೇಲೆ ಅವು ಕೃತಕವೆಂಬ ಗುರುತು ಸ್ಪಷ್ಟವಾಗಿ ಇರತಕ್ಕದ್ದೆಂದು ವಿಧಿಸಿದ್ದಾರೆ. ನಿಯಮವು ಒಳ್ಳೆಯದೇ. ಆದರೆ ಚಿತ್ರದ ಅಂಚನ್ನು ಕತ್ತರಿಸಿದರೆ ಗುರುತು ಹೋಗುತ್ತದೆ. ಒಂದು ಫೋನಿನ ಪರದೆಯನ್ನು ಇನ್ನೊಂದು ಫೋನಿನಿಂದ ಹಿಡಿದರೂ ಹೋಗಬಹುದು. ಆದುದರಿಂದ ಗುರುತು ಇಲ್ಲವೆಂಬ ಮಾತ್ರಕ್ಕೆ ಚಿತ್ರವು ನಿಜವೆಂದು ತಿಳಿಯತಕ್ಕದ್ದಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬೇಸಾಯದ ಯಾವ ವಿಡಿಯೊ ಬಂದರೂ ಅದರಲ್ಲಿ ಮಾತನಾಡುವ ರೈತನ ಹೆಸರು, ಊರು, ತಾಲ್ಲೂಕು, ಬೆಳೆ ತೆಗೆದ ವರ್ಷ ಮತ್ತು ಹಂಗಾಮು ಇವು ಇವೆಯೇ ಎಂದು ಮುಖಂಡರು ಮೊದಲು ನೋಡಬೇಕು. ಇಲ್ಲದಿದ್ದರೆ ಗುಂಪಿಗೆ ಹಾಕಬಾರದು. ಔಷಧಿಯ ಅಥವಾ ಬೀಜದ ಹೆಸರು ಬಂದರಂತೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಹೊರತು ಹಾಕಲೇಬಾರದು. ಅಲ್ಲಿಗೆ ಹೋಗಲು ಅನುಕೂಲವಿಲ್ಲದವರು ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಯಾರಾದರೂ ಮೋಸಹೋಗಿ ಹಣ ಕಳೆದುಕೊಂಡರೆ ನಾಚಿಕೆಪಟ್ಟು ಸುಮ್ಮನಿರದೆ ಆ ಕ್ಷಣವೇ ೧೯೩೦ ಸಂಖ್ಯೆಗೆ ತಿಳಿಸುವಂತೆ ಅವರಿಗೆ ಹೇಳಬೇಕು. ತಡವಾದಷ್ಟೂ ಹಣವು ಕೈಗೆ ಸಿಕ್ಕುವುದು ದುರ್ಲಭ.

ಇಲಾಖೆಯವರಲ್ಲಿ ನಮ್ಮ ಬಿನ್ನಹವು ಇನ್ನೊಂದು. ರೈತನ ಅನುಭವವನ್ನು ಹೇಳುವ ಚಿತ್ರಗಳಲ್ಲಿ ಯಂತ್ರದ ಮನುಷ್ಯರನ್ನು ಒಬ್ಬರನ್ನೂ ನಿಲ್ಲಿಸುವುದಿಲ್ಲವೆಂದು ಲಿಖಿತವಾಗಿ ಗೊತ್ತುಮಾಡಿ ಪ್ರಕಟಿಸಬೇಕು. ನಿಜವಾದ ಚಿತ್ರ ತೆಗೆಯುವುದಕ್ಕೆ ಖರ್ಚು ಹೆಚ್ಚೆಂಬ ಆಕ್ಷೇಪಣೆಗೆ ಇಪ್ಪತ್ತು ವರ್ಷಗಳ ಹಿಂದೆ ಸ್ವಲ್ಪ ಅರ್ಥವಿತ್ತು. ಈಗ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿಯೂ ಅಂದಿನದಕ್ಕಿಂತ ಉತ್ತಮವಾದ ಕ್ಯಾಮರಾ ಇರುವಾಗ ಆ ಆಕ್ಷೇಪಣೆಯು ನಿಲ್ಲುವುದಿಲ್ಲ. ಖರ್ಚಾಗುವುದು ಕಾಲ ಮಾತ್ರ: ಬಿತ್ತನೆಯ ದಿನ ಒಮ್ಮೆ, ಹೂವಾಡುವಾಗ ಒಮ್ಮೆ, ಕಟಾವಿನಲ್ಲಿ ಒಮ್ಮೆ ಅದೇ ಹೊಲಕ್ಕೆ ಹೋಗಬೇಕು. ಜಮೀನುಳ್ಳ ಮಹನೀಯರು ಈ ಕೆಲಸಕ್ಕೆ ತಮ್ಮ ಹೊಲದ ಒಂದು ಮೂಲೆಯನ್ನೂ, ಗೇಣಿಗೆ ಮಾಡುವ ಚಿಕ್ಕ ರೈತನಿಗೆ ಕ್ಯಾಮರಾದ ಮುಂದೆ ನಿಲ್ಲುವ ಅವಕಾಶವನ್ನೂ ಕೊಟ್ಟರೆ ಸಾಕು. ಬೆಳೆ ಕೆಟ್ಟ ವರ್ಷದಲ್ಲಿಯೂ ಅದೇ ರೈತನನ್ನು ಅದೇ ಹೊಲದಲ್ಲಿ ನಿಲ್ಲಿಸಿ, ಏಕೆ ಕೆಟ್ಟಿತೆಂದು ಹೇಳಿಸಬೇಕು. ಅಂತಹ ಚಿತ್ರವನ್ನು ಯಾವ ಅಂಗಡಿಯವನೂ ಯಂತ್ರದಿಂದ ಮಾಡಿಸುವುದಿಲ್ಲ. ಈ ಮುಂಗಾರಿನಲ್ಲಿ ರಾಗಿಯ ಸಾಲು ಬಿತ್ತನೆಯನ್ನು ಕೈಗೊಳ್ಳುವ ಊರುಗಳು, ಬಿತ್ತುವುದಕ್ಕೆ ಹದಿನೈದು ದಿನ ಮುಂಚಿತವಾಗಿಯೇ ತಮ್ಮಲ್ಲಿ ಕ್ಯಾಮರಾ ಹಿಡಿಯಬಲ್ಲ ಒಬ್ಬ ಹುಡುಗನನ್ನೂ ಮಾತನಾಡಬಲ್ಲ ಒಬ್ಬ ರೈತನನ್ನೂ ಗೊತ್ತುಮಾಡಿ ಸಹಾಯಕ ಕೃಷಿ ಅಧಿಕಾರಿಗೆ ತಿಳಿಸಬಹುದು.